ಕಡಲ ದಂಡೆಯ 31 ಕಿಲೋಮೀಟರ್ ಮತ್ತು ನಮ್ಮ ಶಾಲೆಯ ಮೈದಾನ

(ಸುವರ್ಣ ಮಹೋತ್ಸವದ ಎರಡನೆಯ ದಿನ, ‘ಹಳೆಯ ವಿದ್ಯಾರ್ಥಿಗಳೊಡನೆ ಸಂವಾದ’ ಕಾರ್ಯಕ್ರಮದಲ್ಲಿ 2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದ ಹಳೆಯ ವಿದ್ಯಾರ್ಥಿ, ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಮಾಡಿದ ಭಾಷಣದ ಬರಹರೂಪ)



‘ಜೀವನದಲ್ಲಿ ಯಶಸ್ಸು ಗಳಿಸುವುದು ಹೇಗೆ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದರು. ಅದರ ಬಗ್ಗೆ ಮಾತಾಡುವಷ್ಟು ವಯಸ್ಸು ನನಗಾಗಿಲ್ಲ, ಬೇರೆ ವಿಷಯ ಕೊಡಿ ಎಂದೆ. ‘ನಿಮಗೆ ತಿಳಿದದ್ದು ಏನಾದರೂ ಹೇಳಿ’ ಎಂದರು. ನಾನು ಬಿ.ಇ. ಓದಿ ಹದಿನೈದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವನು. ಆ ಕೆಲಸದ ಬಗ್ಗೆ ಹೇಳಿದರೆ ನೀವು ಆಕಳಿಸುತ್ತೀರಿ. ಅದಕ್ಕೇ ಒಂದು ಓಟದ ಬಗ್ಗೆ ಹೇಳುತ್ತೇನೆ. ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಒಂದು ಬೆಳಿಗ್ಗೆ ನಾನು 31 ಕಿಲೋಮೀಟರ್ ಓಡಿದೆ. ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಇದನ್ನು ಕೇಳಿದ ನಮ್ಮೂರಿನ ಅಜ್ಜ ಒಬ್ಬರು, ‘ಓಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನಪ್ಪಾ? ನಮ್ ಕೆರೆ ಏರಿ ಇರಲಿಲ್ವಾ?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನ ಮಾತು ಕಡೆಗೆ ಅಲ್ಲಿಗೇ ಬರುತ್ತದೆ.

ಐದು ವರ್ಷದ ಹಿಂದೆ ನಾನು ಬೆಂಗಳೂರಿನಲ್ಲಿದ್ದಾಗ ವೈದ್ಯರು ರಕ್ತಪರೀಕ್ಷೆಯ ಚೀಟಿ ನೋಡಿ, ‘ಸಕ್ಕರೆ ಗಡಿಯಲ್ಲಿದೆ, ನಿಮ್ಮ ತಂದೆಗೂ ಇದೆ ಅಂತೀರಿ, ಈಗಿನಿಂದಲೇ ಮೈ ಬಗ್ಗಿಸಿ’ ಎಂದರು. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ಕೆಲಸ ನನ್ನದು. ಮೊದಲು ನಡೆದೆ. ಆಮೇಲೆ ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬದವರೆಗೆ ಓಡಿ, ಮುಂದಿನ ಕಂಬದವರೆಗೆ ನಡೆದೆ. ಮೂರು ತಿಂಗಳಿಗೆ ಐದು ಕಿಲೋಮೀಟರ್ ಬಂತು, ವರ್ಷಕ್ಕೆ ಹತ್ತು ಬಂತು. ವಾರಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ದೂರ ಕೂಡಿಸಬಾರದು ಎಂದು ಓಟಗಾರರು ಹೇಳುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಕಾಲಿಗೂ ಅನ್ವಯಿಸುತ್ತದೆ.

ಆಮೇಲೆ ಕೆಲಸದ ಮೇಲೆ ಆರು ತಿಂಗಳು ಫ್ರಾನ್ಸಿಗೆ ಹೋಗಬೇಕಾಯಿತು. ನೀಸ್ ಎಂಬ ನಗರಕ್ಕೂ ಕಾನ್ ಎಂಬ ಊರಿಗೂ ನಡುವೆ, ಕಡಲಿನಿಂದ ಸ್ವಲ್ಪ ಒಳಗೆ, ಪೈನ್ ಮರಗಳ ಗುಡ್ಡದ ಮೇಲೆ ಸೋಫಿಯಾ ಆಂಟಿಪೊಲಿಸ್ ಎಂಬ ತಂತ್ರಜ್ಞಾನ ಪಾರ್ಕ್ ಇದೆ. 1969ರಲ್ಲಿ ಶುರುವಾದದ್ದು. ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಹಾಗೆ ಎನ್ನಿ, ಆದರೆ ಕಟ್ಟಡಕ್ಕಿಂತ ಮರ ಹೆಚ್ಚು. ನನ್ನ ಕೆಲಸ ಅಲ್ಲಿ, ಮನೆ ನೀಸ್‌ನಲ್ಲಿ.

ಮಕ್ಕಳೇ, ನಿಮ್ಮ ಭೂಪಟದಲ್ಲಿ ನೋಡಿ. ಮೇಲೆ ಯುರೋಪ್, ಕೆಳಗೆ ಆಫ್ರಿಕಾ, ಪೂರ್ವಕ್ಕೆ ಏಷ್ಯಾ. ಮೂರರ ನಡುವೆ ಸಿಕ್ಕಿಕೊಂಡ ಕಡಲು ಅದು. ಅಟ್ಲಾಂಟಿಕ್ ಸಾಗರಕ್ಕೆ ಅದರ ಬಾಗಿಲು ಜಿಬ್ರಾಲ್ಟರ್. ಆ ಬಾಗಿಲಿನ ಅಗಲ ತೀರ ಕಿರಿದಾದ ಕಡೆ ಸುಮಾರು 14 ಕಿಲೋಮೀಟರ್ ಮಾತ್ರ. ಬಾಗಿಲು ಚಿಕ್ಕದಾದ್ದರಿಂದ ನಮ್ಮ ಮಂಗಳೂರು, ಕಾರವಾರದಲ್ಲಿ ಕಾಣುವಂಥ ಉಬ್ಬರವಿಳಿತ ಅಲ್ಲಿ ಇಲ್ಲವೆಂಬಷ್ಟು ಕಡಿಮೆ. ಬೆಳಿಗ್ಗೆ ನೀರು ಎಲ್ಲಿತ್ತೋ ಸಂಜೆಯೂ ಹೆಚ್ಚು ಕಡಿಮೆ ಅಲ್ಲೇ. ನೀರಿನಲ್ಲಿ ಪೋಷಕಾಂಶ ಕಡಿಮೆ, ಹಾಗಾಗಿ ಸಣ್ಣ ಜೀವಿಗಳೂ ಪಾಚಿಯೂ ಕಡಿಮೆ. ಅದಕ್ಕೇ ನೀರು ತಿಳಿ, ಬಣ್ಣ ಕಡು ನೀಲಿ. ಆ ದಂಡೆಗೆ ಫ್ರೆಂಚರು ಇಟ್ಟ ಹೆಸರೂ ‘ನೀಲಿ ತೀರ’ ಎಂದೇ.

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರೂಕಾಲಿಗೆ, ಸೂರ್ಯ ಹುಟ್ಟುವ ಮುಂಚೆ, ಹಳೆಯ ನೀಸ್ ಊರಿನ ಗುಡ್ಡದ ಬುಡದಿಂದ ಹೊರಟೆ. ಆ ಮೂಲೆಗೆ ಅಲ್ಲಿನ ಹಳೆಯ ಭಾಷೆಯಲ್ಲಿ ‘ರೌಬಾ ಕಪೆಯು’ ಎನ್ನುತ್ತಾರೆ. ‘ಟೋಪಿ ಕದಿಯುವ ಜಾಗ’ ಎಂದರ್ಥ. ಕದಿಯುವುದು ಕಳ್ಳನಲ್ಲ, ಗಾಳಿ. ಕೈಯಲ್ಲಿ ನೀರಿನ ಬಾಟಲಿ, ಸೊಂಟದ ಚೀಲದಲ್ಲಿ ಖರ್ಜೂರ, ನಮ್ಮ ಅಮ್ಮ ಕಳಿಸಿದ್ದ ಎಳ್ಳುಂಡೆ, ಒಂದು ಪೊಟ್ಟಣದಲ್ಲಿ ಉಪ್ಪು. ದೂರ ಓಡುವವನ ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚಿನವರಿಗೆ 30 ಕಿಲೋಮೀಟರ್ ಹೊತ್ತಿಗೆ ಮುಗಿಯುತ್ತದೆ. ನಡುನಡುವೆ ಬಾಯಿಗೆ ಏನಾದರೂ ಹಾಕಿಕೊಳ್ಳದಿದ್ದರೆ ಕಾಲು ಮುಷ್ಕರ ಹೂಡುತ್ತದೆ. ಎಳ್ಳುಂಡೆಯಲ್ಲಿ ಬೆಲ್ಲವೂ ಇದೆ, ಎಣ್ಣೆಯ ಅಂಶವೂ ಇದೆ. ಅಂಗಡಿಯಲ್ಲಿ ಮಾರುವ ಪೊಟ್ಟಣಗಳಿಗಿಂತ ನನಗೆ ಅದೇ ಒಗ್ಗಿತು.

ಮೊದಲ ಏಳು ಕಿಲೋಮೀಟರ್ ಕಡಲಿಗೆ ಅಂಟಿಕೊಂಡ ಅಗಲವಾದ ಕಾಲುಹಾದಿ. ಎಡಕ್ಕೆ ಕಡಲು, ಬಲಕ್ಕೆ ತಾಳೆಯ ಜಾತಿಯ ಮರಗಳು, ಅದರಾಚೆ ರಸ್ತೆ, ಹಳೆಯ ಹೋಟೆಲುಗಳು. ದಂಡೆಯಲ್ಲಿ ಮರಳಿಲ್ಲ, ಪೂರಾ ಬೂದು ಬಣ್ಣದ ನುಣುಪು ಕಲ್ಲು. ಅಲೆ ಹಿಂದಕ್ಕೆ ಹೋಗುವಾಗ ಆ ಕಲ್ಲುಗಳು ಉರುಳುವ ಸದ್ದು, ಮೊರದಲ್ಲಿ ಹುರುಳಿ ಕೇರಿದ ಹಾಗೆ ಕೇಳುತ್ತದೆ.

ಈ ಹಾದಿಯ ಹೆಸರು ‘ಪ್ರೊಮನಾಡ್ ದೆಸಾಂಗ್ಲೆ’, ಅಂದರೆ ಇಂಗ್ಲಿಷರ ವಿಹಾರಪಥ. ಎರಡು ಶತಮಾನದ ಹಿಂದೆ ಚಳಿಗಾಲ ಕಳೆಯಲು ಇಂಗ್ಲಿಷರು ಇಲ್ಲಿಗೆ ಬರುತ್ತಿದ್ದರು. 1820ರ ದಶಕದಲ್ಲಿ ಊರಿನಲ್ಲಿ ಕೆಲಸವಿಲ್ಲದೆ ಜನ ಕಂಗಾಲಾಗಿದ್ದಾಗ, ಲೂಯಿ ವೇ ಎಂಬ ಪಾದ್ರಿ ತನ್ನ ಜನರಿಂದ ಹಣ ಕೂಡಿಸಿ, ಆ ಬಡವರಿಗೆ ಕೂಲಿ ಕೊಟ್ಟು, ಕಡಲ ಬದಿಯಲ್ಲಿ ಒಂದು ಸಣ್ಣ ಕಾಲುದಾರಿ ಮಾಡಿಸಿದರು. ನಮ್ಮ ಬರಗಾಲದ ಕಾಮಗಾರಿಯ ಹಾಗೆ, ನರೇಗಾದ ಹಾಗೆ. ಆಮೇಲೆ ಬಂದವರು ಅದನ್ನು ಅಗಲ ಮಾಡಿದರು, ಉದ್ದ ಮಾಡಿದರು. ಮುಚ್ಚಿ ಕಟ್ಟಡ ಕಟ್ಟಲಿಲ್ಲ. 2021ರಲ್ಲಿ ಯುನೆಸ್ಕೊ ನೀಸ್ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೇ ಹಾದಿಯಲ್ಲಿ 2016ರ ಜುಲೈ 14ರ ರಾತ್ರಿ, ಹಬ್ಬಕ್ಕೆ ಸೇರಿದ್ದ ಜನರ ಮೇಲೆ ಒಬ್ಬ ಲಾರಿ ಹರಿಸಿ 86 ಜನರನ್ನು ಕೊಂದ. ಸತ್ತವರಲ್ಲಿ ಮಕ್ಕಳೂ ಇದ್ದರು. ನಾನು ಓಡಿದ ದಿನ ಅಲ್ಲಿ ಅಜ್ಜಂದಿರು ನೀಲಿ ಕುರ್ಚಿಗಳಲ್ಲಿ ಕೂತು ಕಡಲು ನೋಡುತ್ತಿದ್ದರು, ಹುಡುಗರು ಸೈಕಲ್ ಹೊಡೆಯುತ್ತಿದ್ದರು. ಊರಿನವರು ತಮ್ಮ ಹಾದಿಯನ್ನು ಬಿಟ್ಟುಕೊಟ್ಟಿಲ್ಲ.

ವಿಮಾನ ನಿಲ್ದಾಣ ದಾಟಿದರೆ ವಾರ್ ಎಂಬ ನದಿ. ಆಲ್ಪ್ಸ್ ಪರ್ವತದಿಂದ ಇಳಿದು ಬರುವ ನದಿ. ಒಂಬತ್ತನೇ ತರಗತಿಯ ಸಮಾಜ ಪಾಠ ನೆನಪಿದೆಯೇ? ಇಟಲಿಯ ಏಕೀಕರಣ, ಮ್ಯಾಜಿನಿ, ಕವೂರ್, ಗ್ಯಾರಿಬಾಲ್ಡಿ? ಆ ಗ್ಯಾರಿಬಾಲ್ಡಿ ಹುಟ್ಟಿದ್ದು 1807ರಲ್ಲಿ, ಇದೇ ನೀಸ್‌ನಲ್ಲಿ. 1860ರಲ್ಲಿ ನೀಸ್ ಫ್ರಾನ್ಸಿಗೆ ಸೇರಿತು. ಅಲ್ಲಿಯವರೆಗೆ ಈ ನದಿಯೇ ಗಡಿ. ಅಂದು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಬೇಕಿದ್ದ ಜಾಗವನ್ನು ನಾನು ಎಳ್ಳುಂಡೆ ಅಗಿಯುತ್ತಾ ದಾಟಿದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಹೆಸರು ಕಾಲ ಕೆಳಗೆ ಸಿಕ್ಕಿದಾಗ ಆಗುವ ಖುಷಿ ಬೇರೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಎರಡನ್ನೂ ಮಾಡಿದರೆ ಒಂದಕ್ಕೊಂದು ರುಚಿ ಕೊಡುತ್ತದೆ.

ನದಿ ದಾಟಿ ಮೂರ್ನಾಲ್ಕು ಕಿಲೋಮೀಟರಿಗೆ ಕಾನ್ಯ ಎಂಬ ಊರು. ಕಡಲ ಬದಿಯಲ್ಲಿ ಬಣ್ಣ ಬಳಿದ ಸಣ್ಣ ಮರದ ದೋಣಿಗಳು, ಮೀನು ಹಿಡಿಯುವವರ ಹಳೆಯ ಕೇರಿ. ಗುಡ್ಡದ ಮೇಲೆ ರೆನ್ವಾರ್ ಎಂಬ ಹೆಸರಾಂತ ಚಿತ್ರಕಾರನ ಮನೆ. ಅಲ್ಲಿದ್ದ ಹಳೆಯ ಆಲಿವ್ ಮರಗಳನ್ನು ಕಡಿಯುತ್ತಾರೆಂದು ತಿಳಿದು, ಅವನ್ನು ಉಳಿಸಲು 1907ರಲ್ಲಿ ಆ ತೋಟವನ್ನೇ ಕೊಂಡರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆದರೂ 1919ರಲ್ಲಿ ತೀರಿಕೊಳ್ಳುವವರೆಗೆ ಕುಂಚ ಬಿಡಲಿಲ್ಲ. ಆ ಮರಗಳು ಈಗಲೂ ಇವೆ. ನಮ್ಮ ಶಾಲೆಯ ಗೇಟಿನ ಬಳಿಯ ಹೊಂಗೆ ಮರವನ್ನು ರಸ್ತೆ ಅಗಲ ಮಾಡುವಾಗ ಉಳಿಸಿದವರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ಈ ಮಾತು ಹೇಳಬೇಕೆನಿಸಿತು.

ಹದಿನೇಳನೆಯ ಕಿಲೋಮೀಟರಿನ ನಂತರ ಹಾದಿ ನೇರ. ಒಂದು ಬದಿ ಕಲ್ಲಿನ ದಂಡೆ, ಇನ್ನೊಂದು ಬದಿ ರೈಲು ಹಳಿ. ನೆರಳಿಲ್ಲ, ತಿರುವಿಲ್ಲ, ಅಂಗಡಿಯಿಲ್ಲ. ನೋಟ ಬದಲಾಗದಿದ್ದರೆ ಕಾಲಿಗಿಂತ ಮೊದಲು ಮನಸ್ಸು ದಣಿಯುತ್ತದೆ. ಇಂಥ ಕಡೆ ನಾನು ಮಗ್ಗಿ ಹೇಳಿಕೊಳ್ಳುತ್ತೇನೆ. ನಗಬೇಡಿ, ಹದಿನೇಳರ ಮಗ್ಗಿ ಉಸಿರಿಗೆ ಚೆನ್ನಾಗಿ ಹೊಂದುತ್ತದೆ. ಈ ಶಾಲೆ ಕೊಟ್ಟ ಆಸ್ತಿ ಅದು.

ಅಲ್ಲಿ ಎದುರಿನಿಂದ ಒಬ್ಬ ಹೆಂಗಸು ಓಡಿ ಬಂದರು. ಅರವತ್ತು ದಾಟಿರಬೇಕು, ತಲೆ ಪೂರ್ತಿ ಬಿಳಿ. ನನ್ನ ಕಡೆ ಕೈಯೆತ್ತಿ ‘ಬಾನ್ ಜೂರ್’ ಎಂದು ಹೇಳಿ ಮುಂದೆ ಹೋದರು. ಅವರನ್ನು ಯಾರೂ ತಿರುಗಿ ನೋಡಲಿಲ್ಲ, ಯಾರೂ ನಗಲಿಲ್ಲ. ಆಗ ನನಗೆ ನಮ್ಮ ಅಕ್ಕನ ನೆನಪಾಯಿತು.

ನಮ್ಮ ಅಕ್ಕ ಇದೇ ಶಾಲೆಯಲ್ಲಿ ನನಗಿಂತ ಎರಡು ವರ್ಷ ಮುಂದೆ ಓದಿದಳು. ತೋಟದ ಮನೆಯಿಂದ ಶಾಲೆಗೆ ಮೂರೂವರೆ ಕಿಲೋಮೀಟರ್, ದಿನಾ ಬ್ಯಾಗ್ ಎದೆಗೆ ಅವುಚಿಕೊಂಡು ಓಡಿಯೇ ಬರುತ್ತಿದ್ದಳು. 2001ರಲ್ಲಿ ತಾಲ್ಲೂಕು ಮಟ್ಟದಲ್ಲಿ 800 ಮೀಟರ್ ಓಟದಲ್ಲಿ ಮೊದಲು ಬಂದಳು, ಬರಿಗಾಲಿನಲ್ಲಿ. ಜಿಲ್ಲಾ ಮಟ್ಟಕ್ಕೆ ಎರಡು ರಾತ್ರಿ ಹೊರಗೆ ಉಳಿಯಬೇಕಿತ್ತು. ಹುಡುಗಿಯರ ಜೊತೆ ಹೋಗಲು ಮೇಡಂ ಯಾರೂ ಇರಲಿಲ್ಲ. ಮನೆಯಲ್ಲಿ ಬೇಡ ಎಂದರು. ಅಲ್ಲಿಗೆ ಅವಳ ಓಟ ಮುಗಿಯಿತು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ, ಆ ಕಾಲ ಹಾಗಿತ್ತು. ಆದರೆ ನಮ್ಮ ಮನೆಯಲ್ಲಿ ಓಡುವ ಕಾಲು ಇದ್ದದ್ದು ನನಗಲ್ಲ, ಅವಳಿಗೆ. ಈಗ ಅವಳ ಮಗಳು ಇದೇ ಶಾಲೆಯ ಎಂಟನೇ ತರಗತಿಯಲ್ಲಿದ್ದಾಳೆ. ಅವಳೂ ಓಡುತ್ತಾಳೆ.

ಇಪ್ಪತ್ತೆರಡನೆಯ ಕಿಲೋಮೀಟರಿಗೆ ಆಂಟೀಬ್ ಎಂಬ ಕೋಟೆಯ ಊರು ಕಾಣಿಸಿತು. ಅಲ್ಲಿ ನಿಂತು ಹಿಂದೆ ತಿರುಗಿ ನೋಡಿದರೆ, ಬಂದ ದಂಡೆಯೆಲ್ಲ ಒಂದು ದೊಡ್ಡ ಬಿಲ್ಲಿನ ಹಾಗೆ ಬಾಗಿದೆ. ಅದರ ಹಿಂದೆ ನೀಸ್ ಊರು, ಅದರ ಹಿಂದೆ ಹಿಮ ಹೊದ್ದ ಆಲ್ಪ್ಸ್. ಕಡಲು ಮತ್ತು ಹಿಮ ಒಂದೇ ನೋಟದಲ್ಲಿ. ನಾನು ಎರಡು ನಿಮಿಷ ಸುಮ್ಮನೆ ನಿಂತೆ. ಅಷ್ಟು ದೂರವನ್ನು ಈ ಎರಡು ಕಾಲುಗಳೇ ತಂದವಲ್ಲ ಎನ್ನಿಸಿತು.

ಆಂಟೀಬ್ ಗ್ರೀಕರು ಕಟ್ಟಿದ ಊರು. ಹಳೆಯ ಹೆಸರು ಆಂಟಿಪೊಲಿಸ್. ರೋಮನರ ಕಾಲದ ಒಂದು ಕಲ್ಲು ಅಲ್ಲಿ ಸಿಕ್ಕಿದೆ. ಸೆಪ್ಟೆಂಟ್ರಿಯೊ ಎಂಬ ಹನ್ನೆರಡು ವರ್ಷದ ಹುಡುಗ ಈ ಊರಿನ ರಂಗಮಂದಿರದಲ್ಲಿ ಎರಡು ದಿನ ಕುಣಿದು ಜನರನ್ನು ಮೆಚ್ಚಿಸಿದ, ಅವನ ನೆನಪಿಗೆ ಈ ಕಲ್ಲು ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ನಮ್ಮೂರ ಕೆರೆ ಕೋಡಿಯ ಹತ್ತಿರ ವೀರಗಲ್ಲು ಇದೆಯಲ್ಲ, ಅದು ದನ ಕಾಯಲು ಹೋರಾಡಿ ಸತ್ತವನದು. ಅಲ್ಲಿಯದು ಕುಣಿದು ಸಂತೋಷ ಕೊಟ್ಟ ಹುಡುಗನದು. ಅವನು ಯಾವ ಪರೀಕ್ಷೆಯಲ್ಲಿ ಪಾಸಾದನೋ ಗೊತ್ತಿಲ್ಲ. ಅವನ ಮೈಯ ಲಯವನ್ನು ಮೆಚ್ಚಿದ ಊರು ಅದನ್ನು ಕಲ್ಲಿನಲ್ಲಿ ಬರೆಸಿತು.

ಇಲ್ಲಿಂದ ಮುಂದಿನದು ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ಭಾಗ. ಆಂಟೀಬ್‌ನಿಂದ ಕಡಲೊಳಕ್ಕೆ ಒಂದು ಮೂಗು ಚಾಚಿಕೊಂಡಿದೆ, ಕಾಪ್ ದಾಂಟೀಬ್ ಅಂತ. ಪೈನ್ ಮರಗಳ ನಡುವೆ ಜಗತ್ತಿನ ದೊಡ್ಡ ಸಾಹುಕಾರರ ಬಂಗಲೆಗಳು, ಆನೆಯೆತ್ತರದ ಗೋಡೆಗಳು, ಮೂಲೆಮೂಲೆಗೂ ಕ್ಯಾಮೆರಾ. ಆದರೆ ಆ ಗೋಡೆಗಳಿಗೂ ಕಡಲಿಗೂ ನಡುವೆ, ಬಂಡೆಗಳ ಮೇಲೆ, ಒಂದು ಕಾಲುದಾರಿ ಇದೆ. ಹಿಂದೆ ಕಳ್ಳಸಾಗಣೆ ಹಿಡಿಯಲು ಸುಂಕದ ಪೊಲೀಸರು ಗಸ್ತು ತಿರುಗುತ್ತಿದ್ದ ದಾರಿ. ಅಲ್ಲಲ್ಲಿ ಮೆಟ್ಟಿಲು, ಅಲ್ಲಲ್ಲಿ ಕಾಲಿಡುವಷ್ಟೇ ಜಾಗ. ಅಲೆ ಜೋರಾದರೆ ದಾರಿ ಮುಚ್ಚುತ್ತಾರೆ. ಅಲ್ಲಿ ಓಡಲು ಆಗುವುದಿಲ್ಲ, ಹುಷಾರಾಗಿ ನಡೆಯಬೇಕು. ಕೆಳಗೆ ಅಲೆ ಬಂಡೆಗೆ ಬಡಿದು ಮುಖಕ್ಕೆ ಉಪ್ಪು ನೀರು ಸಿಡಿಯುತ್ತದೆ.

ಆ ದಾರಿಯಲ್ಲಿ ಯಾರು ಬೇಕಾದರೂ ಹೋಗಬಹುದು. ದುಡ್ಡಿಲ್ಲ, ಟಿಕೆಟ್ಟಿಲ್ಲ. ಯಾಕೆಂದರೆ 1976ರ ಡಿಸೆಂಬರ್ 31ರಂದು ಫ್ರಾನ್ಸ್ ಒಂದು ಕಾನೂನು ಮಾಡಿತು. ಕಡಲಂಚಿನ ಜಮೀನು ಖಾಸಗಿಯವರದೇ ಆಗಿದ್ದರೂ ದಂಡೆಯ ಉದ್ದಕ್ಕೂ ಮೂರು ಮೀಟರ್ ಅಗಲದ ಪಟ್ಟಿಯಲ್ಲಿ ನಡೆದು ಹೋಗುವವರಿಗೆ ದಾರಿ ಬಿಡಬೇಕು ಎಂದು ಆ ಕಾನೂನು ಹೇಳುತ್ತದೆ. 1986ರಲ್ಲಿ ಇನ್ನೊಂದು ಕಾನೂನು ಬಂತು. ಅದರ ಪ್ರಕಾರ ಊರಿನ ಹೊರಗೆ, ದಂಡೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಸಾಮಾನ್ಯವಾಗಿ ಕಟ್ಟುವಂತಿಲ್ಲ. ಒಬ್ಬನ ಆಸ್ತಿ ಎಷ್ಟೇ ಕೋಟಿಯದಾಗಲಿ, ಕೂಲಿ ಮಾಡುವವನ ಮಗಳು ಆ ಗೋಡೆಯ ಪಕ್ಕದಲ್ಲಿ ತಲೆಯೆತ್ತಿ ನಡೆಯಬಹುದು. ಮೂರು ಮೀಟರ್ ಎಂದರೆ ನಮ್ಮ ಎತ್ತಿನ ಗಾಡಿ ಆರಾಮಾಗಿ ಹೋಗುವಷ್ಟು ಜಾಗ. ಅಷ್ಟು ಸಾಕು.

ಬಂಡೆ ದಾರಿ ಮುಗಿಸಿ, ಮೂಗಿನ ಇನ್ನೊಂದು ಬದಿಗೆ ಇಳಿದು, ಜುಆನ್ ಲೆ ಪಾಂ ಎಂಬ ಊರಿನ ರೈಲು ನಿಲ್ದಾಣ ತಲುಪಿದಾಗ ಕೈಗಡಿಯಾರ 31 ಕಿಲೋಮೀಟರ್ ತೋರಿಸಿತು. ನಡಿಗೆಯೂ ಸೇರಿ ಸುಮಾರು ನಾಲ್ಕು ಗಂಟೆ. ಇನ್ನೂ ಹತ್ತು ಕಿಲೋಮೀಟರ್ ಮುಂದೆ ಹೋದರೆ ಕಾನ್. ಚಿತ್ರೋತ್ಸವದ ಊರು. 2024ರಲ್ಲಿ ಅಲ್ಲಿ ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಕನ್ನಡದ ಒಂದು ಕಿರುಚಿತ್ರಕ್ಕೆ, ಚಿದಾನಂದ ನಾಯ್ಕ್ ಅವರು ಮಾಡಿದ ಚಿತ್ರಕ್ಕೆ. ಹಳ್ಳಿಯ ಅಜ್ಜಿಯೊಬ್ಬಳು ಹುಂಜ ಕದಿಯುವ ಕತೆ. ನಮ್ಮ ಕತೆ ಅಲ್ಲಿಗೂ ಹೋಗಿ ಮುಟ್ಟಿದೆ. ನಾನು ಮಾತ್ರ ರೈಲು ಹತ್ತಿ ನೀಸ್‌ಗೆ ವಾಪಸಾದೆ. ನಾಲ್ಕು ಗಂಟೆ ಓಡಿದ ದಾರಿಯ ಬಹುಪಾಲನ್ನು ಕಿಟಕಿಯಲ್ಲಿ ಅರ್ಧ ಗಂಟೆಗೆ ನೋಡಿದೆ. ಹಳೆಯ ಊರಿನ ಗಲ್ಲಿಯಲ್ಲಿ ‘ಸೊಕ್ಕಾ’ ತಿಂದೆ. ಹೆಸರು ಕೇಳಿ ಹೆದರಬೇಡಿ. ಕಡಲೆಹಿಟ್ಟಿನ ದೋಸೆ, ಸೌದೆ ಒಲೆಯಲ್ಲಿ ಸುಟ್ಟು ಮೇಲೆ ಕರಿಮೆಣಸು ಉದುರಿಸಿ ಕೊಡುತ್ತಾರೆ. ಚಟ್ನಿ ಮಾತ್ರ ಇಲ್ಲ.

ಈಗ ಅಜ್ಜನ ಪ್ರಶ್ನೆಗೆ ಬರುತ್ತೇನೆ. ನಮ್ಮ ಕೆರೆ ಏರಿ ಇರಲಿಲ್ಲವೇ? ಇತ್ತು. ಈ ಮೈದಾನವೂ ಇತ್ತು. ಶಾಲೆ ಶುರುವಾದಾಗ ಇದು ಕಲ್ಲು ಮುಳ್ಳಿನ ದಿಬ್ಬವಾಗಿತ್ತಂತೆ. ನಮ್ಮ ತಾತಂದಿರು ಸುಗ್ಗಿ ಮುಗಿಸಿ, ಗಾಡಿ ಕಟ್ಟಿ, ಕೆರೆಯ ಮಣ್ಣು ಹೊಡೆದು ಸಮ ಮಾಡಿದರು. ಒಬ್ಬರೂ ಕೂಲಿ ಕೇಳಲಿಲ್ಲ. ಅದರಲ್ಲಿ ನಾವು ಆಡಿದೆವು, ನಮ್ಮ ಅಕ್ಕ ಓಡಿದಳು.

ಸುವರ್ಣ ಮಹೋತ್ಸವದ ನೆನಪಿಗೆ ಒಂದು ಭವನ ಕಟ್ಟಬೇಕು, ಅದು ಮೈದಾನದ ಪೂರ್ವದ ಕಡೆ ಬರಬೇಕು ಎಂಬ ಮಾತು ನಡೆದಿದೆ. ಭವನ ಬೇಕು, ನಾನೂ ಕೈಲಾದ್ದು ಕೊಡುತ್ತೇನೆ. ಆದರೆ ನಿನ್ನೆ ಸಂಜೆ ನಾವು ನಾಲ್ಕು ಜನ ಟೇಪ್ ಹಿಡಿದು ಅಳೆದೆವು. ಈಗ ಮೈದಾನದ ಅಂಚಿನಲ್ಲಿ 200 ಮೀಟರಿನ ಓಟದ ಪಥ ಸರಿಯಾಗಿ ಕೂರುತ್ತದೆ. ನಾಲ್ಕು ಸುತ್ತು ಹಾಕಿದರೆ 800 ಮೀಟರ್. ಭವನ ಪೂರ್ವಕ್ಕೆ ಬಂದರೆ ಉಳಿಯುವ ಜಾಗದಲ್ಲಿ 120 ಮೀಟರಿನ ಸುತ್ತು ಕೂಡ ಕಷ್ಟ. ಶಾಲೆಯ ಹಿಂದೆ ಹಳೆಯ ಶೆಡ್ ಬಿದ್ದುಹೋದ ಜಾಗ ಖಾಲಿ ಇದೆ. ಅಲ್ಲಿ ಕಟ್ಟಿದರೆ ಪಾಯಕ್ಕೆ ಸ್ವಲ್ಪ ಖರ್ಚು ಹೆಚ್ಚಾಗಬಹುದು, ರಸ್ತೆಯಿಂದ ಭವನ ಅಷ್ಟು ಎದ್ದು ಕಾಣದಿರಬಹುದು. ಆದರೆ ಮೈದಾನ ಉಳಿಯುತ್ತದೆ. ಭವನವನ್ನು ಇನ್ನೊಂದು ಸಲ ಕಟ್ಟಬಹುದು. ಮುಚ್ಚಿದ ಮೈದಾನವನ್ನು ಮತ್ತೆ ತೆರೆದ ಊರನ್ನು ನಾನು ನೋಡಿಲ್ಲ.

ನಮ್ಮ 2004ರ ತಂಡದವರು ಸೇರಿ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಕೂಡಿಸಿದ್ದೇವೆ. ಆ ಹಣದಲ್ಲಿ ಓಟದ ಪಥ ಗುರುತು ಮಾಡಿ ಮಣ್ಣು ಹಾಕಿಸುವುದು, ಒಂದು ಕುಡಿಯುವ ನೀರಿನ ನಲ್ಲಿ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸಲು ಒಂದು ಕೋಣೆ, ಇಷ್ಟು ಮಾಡಿಸುವ ಆಸೆ. ಸಾಲದಿದ್ದರೆ ಮತ್ತೆ ಕೂಡಿಸುತ್ತೇವೆ. ಸಮಿತಿಯವರು ಒಪ್ಪಿದರೆ ಬೇಸಿಗೆ ರಜೆಯಲ್ಲೇ ಕೆಲಸ ಶುರು. ಹುಡುಗಿಯರು ತಾಲ್ಲೂಕು, ಜಿಲ್ಲೆ ಎಂದು ಹೊರಗೆ ಹೋಗಬೇಕಾದಾಗ ಜೊತೆಗೆ ಹೋಗಲು ನಮ್ಮ ತಂಡದ ಮೂವರು ತಾಯಂದಿರು ಹೆಸರು ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಅಕ್ಕನದು.

ಮೇಷ್ಟ್ರುಗಳಲ್ಲಿ ಒಂದೇ ಬೇಡಿಕೆ. ಹತ್ತನೇ ತರಗತಿ ಬಂದ ಕೂಡಲೇ ಆಟದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಗಣಿತ ಬೇಡ ಎನ್ನಲು ನನಗೆ ಬಾಯಿಲ್ಲ, ಅದರ ಅನ್ನವನ್ನೇ ಉಣ್ಣುತ್ತಿದ್ದೇನೆ. ಆದರೆ ವಾರಕ್ಕೆ ಎರಡು ಪೀರಿಯಡ್ ಮಕ್ಕಳ ಮೈಗೆ ಬಿಡಿ. ಮೂವತ್ತು ದಾಟಿದ ಮೇಲೆ ವೈದ್ಯರ ಚೀಟಿ ನೋಡಿ ಓಟ ಕಲಿಯುವುದಕ್ಕಿಂತ ಹದಿನೈದರಲ್ಲಿ ಕಲಿಯುವುದು ಸುಲಭ, ಅಗ್ಗ ಕೂಡ.

ಊರಿನ ಹಿರಿಯರೇ, ಅಲ್ಲಿಯವರು ಕೋಟ್ಯಂತರ ಬೆಲೆಯ ಜಾಗದಲ್ಲಿ ಜನರಿಗಾಗಿ ಮೂರು ಮೀಟರ್ ಬಿಡಿಸಿದರು. ನಿಮ್ಮ ತಂದೆ ತಾತಂದಿರು ಬಿಟ್ಟುಹೋದ ಈ ಜಾಗವನ್ನು ಮಕ್ಕಳಿಗೆ ಹೀಗೇ ಉಳಿಸಿಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಸಭೆ ಮುಗಿದ ಮೇಲೆ ಟೇಪು, ನಕ್ಷೆ ಎರಡೂ ಹೊಂಗೆ ಮರದ ಕೆಳಗಿನ ಮೇಜಿನ ಮೇಲಿರುತ್ತವೆ. ಯಾರಿಗೆ ಅನುಮಾನವಿದೆಯೋ ಅವರು ಬಂದು ಅಳೆದು ನೋಡಿ, ನಾವೂ ಜೊತೆಗೆ ಬರುತ್ತೇವೆ.